ಸೈದಲವಿ ಮಾಷರ ಮಾತು ಬಿಟ್ಟ ಪೆಟ್ಟಿಗೆ

ಚರಿತ್ರೆ ಮೇಷ್ಟ್ರು ಸೈದಲವಿ ಮಾಷರಿಗೆ ಮರೆವು ಶುರುವಾಗಿದೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಶಾಲೆಯ ಅಡುಗೆಯವಳು. ಅಮ್ಮನ ಸೊಂಟದ ಮೂಳೆ ಮುರಿದಿದ್ದರಿಂದ ನಾನು ಉದ್ದ ರಜೆ ಹಾಕಿ ಕುಂಬಳೆಯಲ್ಲಿದ್ದೆ. ಓಣಂ ಮುಗಿದ ಮೇಲೆ ಮಲಪ್ಪುರಕ್ಕೆ ಮರಳಿ, ಶಾಲೆಯ ಗೇಟು ದಾಟಿ ಇನ್ನೂ ಕೊಡೆ ಮಡಚಿರಲಿಲ್ಲ, ಈ ಸುದ್ದಿ ಕಿವಿಗೆ ಬಿತ್ತು. ಕೇಳಿದ್ದೇ ತಡ ಮೈ ಉರಿದುಹೋಯಿತು. ಬರೀ ಕೆಮ್ಮು ಕೇಳಿ 'ಮೂರನೇ ಬೆಂಚಿನ ರಿಸ್ವಾನ, ಕಿಟಕಿ ಮುಚ್ಚು' ಎನ್ನುತ್ತಿದ್ದ ಮನುಷ್ಯನಿಗೆ ಮರೆವೇ?

ಸ್ಟಾಫ್ ರೂಮಿನಲ್ಲಿ ಮಾಷರು ಕಿಟಕಿ ಪಕ್ಕದ ತಮ್ಮ ಕುರ್ಚಿಯಲ್ಲೇ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಮುಂಡು, ಪೂರ್ತಿ ತೋಳಿನ ಅಂಗಿ, ತೊಡೆಯ ಮೇಲೆ ಮಡಚಿದ ಬಿಳಿ ಕೋಲು. ನನ್ನ ಹೆಜ್ಜೆ ಸದ್ದಾದರೆ ಸಾಕು, "ಜಲಜಾಕ್ಷಿ ಟೀಚರ್ ಬಂದ್ರು, ಇನ್ನು ಉಳಿದವರೆಲ್ಲ ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದು ಛೇಡಿಸುವುದು ಅವರ ಅಭ್ಯಾಸ. ಅವತ್ತು, "ಅಮ್ಮ ಹೇಗಿದ್ದಾರೆ ಟೀಚರೇ?" ಎಂದಷ್ಟೇ ಕೇಳಿದರು. ಗಂಟೆ ಹೊಡೆಯಿತು. ಹತ್ತನೇ ಕ್ಲಾಸಿಗೆ ಚರಿತ್ರೆ. ಮಾಷರು ಏಳುತ್ತಾರೆ ಎಂದು ನಾನು ದಾರಿ ಬಿಟ್ಟು ನಿಂತೆ. ಅವರು ಏಳಲಿಲ್ಲ. ಹೊಸದಾಗಿ ಬಂದಿದ್ದ ತಾತ್ಕಾಲಿಕ ಮೇಷ್ಟ್ರೊಬ್ಬ ಚಾಕ್‌ಪೀಸು ಎತ್ತಿಕೊಂಡು ಹೊರಟ.

"ಏನ್ ಮಾಷೇ ಇದು? ಹತ್ತನೇ ಕ್ಲಾಸು ನಿಮ್ದಲ್ವಾ?"

"ನಾನೇ ಬಿಟ್ಟುಕೊಟ್ಟೆ."

"ಯಾಕೆ?"

"ಸಾಕು ಅನ್ನಿಸ್ತು."

ಈ ಮನುಷ್ಯ ಸಾಕು ಎಂದದ್ದನ್ನು ನಾನು ಅದುವರೆಗೆ ಕೇಳಿದ್ದು ಬಿರಿಯಾನಿ ಬಡಿಸುವಾಗ ಮಾತ್ರ. ಬರುವ ಮೇ ತಿಂಗಳಿಗೆ ಹೇಗೂ ನಿವೃತ್ತಿ. ಕೊನೆಯ ವರ್ಷದ ಹತ್ತನೇ ಕ್ಲಾಸನ್ನು ಯಾರಾದರೂ ಕೈಯಾರೆ ಕೊಟ್ಟುಬಿಡುತ್ತಾರೆಯೇ? ಅದೂ ಇವರು?

ಇವರು ಎಂದರೆ ಯಾರು ಎಂದು ಹೇಳಬೇಕು. ಮಾಷರ ತಂದೆಗೆ ಕಡಲುಂಡಿ ಹೊಳೆಯ ದಂಡೆಯಲ್ಲಿ ಚಹದಂಗಡಿ ಇತ್ತು. ದಡಾರ ಬಂದು ಮಗನ ಎರಡೂ ಕಣ್ಣು ಹೋದ ಮೇಲೆ, ಮನೆಯಲ್ಲಿ ಬಿಟ್ಟರೆ ಹೊಳೆಗೆ ಬಿದ್ದಾನು ಎಂದು ಅಂಗಡಿಯ ಮೂಲೆಯಲ್ಲಿ ಕೂರಿಸಿ ಗ್ಲಾಸು ತೊಳೆಸುತ್ತಿದ್ದರು. ಅಲ್ಲಿ ಬೆಳಗ್ಗೆ ಪತ್ರಿಕೆ ಬರುತ್ತಿತ್ತು. ಒಬ್ಬ ಜೋರಾಗಿ ಓದುವುದು, ಉಳಿದವರು ಚಹ ಹೀರುತ್ತ ಬೈಯುವುದು. ಓದುವವನಿಗೆ ತನ್ನ ಚಹ ಬಂತೆಂದರೆ ಸುದ್ದಿ ಅಲ್ಲಿಗೇ ನಿಂತಿತು. "ಆಮೇಲೆ?" ಎಂದು ಹುಡುಗ ಕೇಳುತ್ತಿದ್ದ. "ಆಮೇಲೆ ಏನಿಲ್ಲ, ಗ್ಲಾಸು ತೊಳಿ" ಎಂದು ಉತ್ತರ ಬರುತ್ತಿತ್ತು. ಆಮೇಲೆ ಇದೆ, ಇವರು ಹೇಳುತ್ತಿಲ್ಲ ಅಷ್ಟೇ, ಎಂಬುದು ಆ ವಯಸ್ಸಿಗೇ ಗೊತ್ತಾಗಿತ್ತಂತೆ.

ಕುರುಡು ಮಕ್ಕಳ ಶಾಲೆಗೆ ಹೋದರು, ಚುಕ್ಕಿಯ ಲಿಪಿ ಕಲಿತರು. ಕಾಲೇಜಿಗೆ ಬಂದರೆ ಚುಕ್ಕಿಯ ಪುಸ್ತಕವೇ ಇಲ್ಲ. ಯಾರಾದರೂ ಓದಿ ಹೇಳಬೇಕು. ಹಾಸ್ಟೆಲಿನ ಗೆಳೆಯನೊಬ್ಬ ದಿನಾ ಸಂಜೆ ಓದಿ ಹೇಳುತ್ತಿದ್ದ, ಒಳ್ಳೆಯ ಹುಡುಗ. ಬಿ.ಎ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆ ಕೇಳಿಸಿಕೊಂಡಾಗ ಮಾಷರಿಗೆ ಗೊತ್ತಾಯಿತು, ಫ್ರಾನ್ಸಿನ ಕ್ರಾಂತಿಯ ಅರ್ಧ ಅಧ್ಯಾಯವನ್ನು ಅವನು ಓದಿಯೇ ಇರಲಿಲ್ಲ. ಬೇಜಾರು ಬಂದು ಪುಟ ಹಾರಿಸಿದ್ದ. ಕಣ್ಣಿಲ್ಲದವನಿಗೆ ಹಾರಿಸಿದ ಪುಟ ಗೊತ್ತಾಗುವುದು ಹೇಗೆ? ಈ ಕತೆಯನ್ನು ಮಾಷರು ನಗುತ್ತಲೇ ಹೇಳುತ್ತಿದ್ದರು. ಆದರೆ ಆಮೇಲೆ ಯಾರು ಏನು ಓದಿ ಹೇಳಿದರೂ ಮುಗಿದ ಮೇಲೆ, ಪುಟ ಹಾರಿತೇ ಎಂದು ತೂಗುವವರಂತೆ ಒಂದು ಕ್ಷಣ ತಲೆ ಓರೆ ಮಾಡುತ್ತಿದ್ದರು. ನನ್ನೆದುರೂ ಹಾಗೇ. ನಾನು ಹಾರಿಸಿಲ್ಲ ಎಂದು ಆಣೆ ಹಾಕಬೇಕು ಅನ್ನಿಸುತ್ತಿತ್ತು.

ಅದಕ್ಕೇ ಶಾಲೆಗಳಿಗೆ ಕಂಪ್ಯೂಟರ್ ಬಂದು, ಪರದೆಯ ಮೇಲಿರುವುದನ್ನೆಲ್ಲ ಮಲಯಾಳದಲ್ಲಿ ಓದಿ ಹೇಳುವ ದನಿ ಅದರಲ್ಲಿದೆ ಎಂದು ತಿಳಿದ ದಿನ ಅವರು ನಡೆದುಕೊಂಡ ರೀತಿ ನನಗೆ ಚೆನ್ನಾಗಿ ನೆನಪಿದೆ. ಒಂದೇ ಪುಟವನ್ನು ಮತ್ತೆ ಮತ್ತೆ ಓದಿಸಿದರು. "ಆಕಳಿಸಲ್ಲ ಟೀಚರೇ ಇದು!" ಎಂದರು. "ಉಸ್ಸಪ್ಪಾ ಅನ್ನಲ್ಲ. ಚಹ ಬಂತು ಅಂತ ನಿಲ್ಲಿಸಲ್ಲ." ಕಣ್ಣಲ್ಲಿ ನೀರಿತ್ತು. ಆ ವರ್ಷವೇ ಮನೆಗೊಂದು ತಂದರು. ಪರದೆ ಯಾಕೆ ದಂಡ, ಊರಿನ ವಾಚನಾಲಯಕ್ಕಾದರೂ ಆದೀತು ಎಂದು ಅದನ್ನು ಅಲ್ಲಿಗೆ ಕೊಟ್ಟುಬಿಟ್ಟರು. ಮನೆಯಲ್ಲಿ ಉಳಿದದ್ದು ಒಂದು ಪೆಟ್ಟಿಗೆ, ಕೀಲಿಮಣೆ, ಸ್ಪೀಕರು. ಮೂಗಿನಲ್ಲಿ ಮಾತಾಡುವ ಆ ಹೆಣ್ಣುದನಿಗೆ ಹೆಂಡತಿ ನಬೀಸ 'ಸವತಿ' ಎಂದೇ ಹೆಸರಿಟ್ಟಳು. "ಬೆಳಗಿನ ಸುಬಹ್ ನಮಾಜು ಮುಗಿಸಿ ಸೀದಾ ಅವಳ ಹತ್ರ ಹೋಗ್ತಾರೆ. ನಾನು ಅಕ್ಕಿ ಪತ್ತಿರಿ ತಟ್ಟೋಳು, ಅವಳು ಪೇಪರ್ ಓದೋಳು. ಅವಳ ಮೈ ನಾನು ಮುಟ್ಟಲ್ಲ" ಎನ್ನುತ್ತಿದ್ದಳು. ಹೇಳಿದಂತೆ ಆ ಪೆಟ್ಟಿಗೆಯನ್ನು ಒರೆಸಲೂ ಮುಟ್ಟಲಿಲ್ಲ. ನಾವೆಲ್ಲ ಶಾಲೆಗೆ ಬರುವಷ್ಟರಲ್ಲಿ ಮಾಷರು ಪತ್ರಿಕೆ ಪೂರ್ತಿ ಓದಿ, ಜಗಳಕ್ಕೆ ತಯಾರಾಗಿ ಕೂತಿರುತ್ತಿದ್ದರು.

ಆ ಮನುಷ್ಯ ಈಗ ಸಾಕು ಎನ್ನುತ್ತಾರೆ. ಏನಾಯಿತು ಎಂದು ನಾನು ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಎಲ್ಲ ಶುರುವಾದದ್ದು ಬೇಸಿಗೆ ರಜೆಯ ಇನ್‌ಸ್ಟಾಲ್ ಕ್ಯಾಂಪಿನಲ್ಲಿ.

ನಮ್ಮ ಕಡೆ ಇದೊಂದು ವಾಡಿಕೆ. ಶಾಲೆಯ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಬಂದಾಗ ಮೇಷ್ಟ್ರುಗಳೂ ತಮ್ಮ ಮನೆಯದನ್ನು ಹೊತ್ತುಕೊಂಡು ಬಂದು ಸಾಲಾಗಿ ಇಟ್ಟು ಹಾಕಿಸಿಕೊಳ್ಳುತ್ತಾರೆ. ಮಧ್ಯೆ ಚಹ, ಬಾಳೆಹಣ್ಣಿನ ಪಳಂಪೊರಿ, ಹರಟೆ. ಎಲ್ಲರೂ ಪೆಟ್ಟಿಗೆ ಮಾತ್ರ ತರುವುದು, ಪರದೆಗಳು ಲ್ಯಾಬಿನಲ್ಲೇ ಇರುತ್ತವೆ. ಕಂಪ್ಯೂಟರ್ ಉಸ್ತುವಾರಿಯ ಜಂಶೀರ್, ಮಾಷರ ಪೆಟ್ಟಿಗೆಗೂ ಹೊಸದನ್ನು ಹಾಕಿದ, ದನಿ ಮಾತಾಡಿತು, ಮಾಷರು ಖುಷಿಯಾಗಿ ಆಟೋದಲ್ಲಿ ಮನೆಗೆ ಒಯ್ದರು. ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ಫ್ಯಾನು ಗುಂಯ್ ಎಂದಿತು, ಒಳಗೆ ಏನೋ ಕರಕರ ಎಂದಿತು, ಅಷ್ಟೇ. ಸಣ್ಣ ರಾಗವಿಲ್ಲ, ಸ್ವಾಗತವಿಲ್ಲ. ಮತ್ತೆ ಒತ್ತಿದರು, ದನಿಯ ನೆರವಿಲ್ಲದೆ ಅಂದಾಜಿನ ಮೇಲೆ ಪಾಸ್‌ವರ್ಡ್ ಹೊಡೆದರು, ಕಾದರು. ಇಲ್ಲ.

ಪೆಟ್ಟಿಗೆ ಮತ್ತೆ ಆಟೋ ಹತ್ತಿ ಶಾಲೆಗೆ ಬಂತು. ಅಲ್ಲಿ ಚೆನ್ನಾಗಿ ಮಾತಾಡಿತು. ಮನೆಗೆ ಹೋಯಿತು. ಮೂಕ. ಮನೆಯ ಕರೆಂಟಿನದೇ ದೋಷ ಎಂದು ಎಲೆಕ್ಟ್ರಿಷಿಯನ್ ಬಂದು ಹೊಸ ತಂತಿ ಎಳೆದು ಹೋದ. ಮೂಕವೇ. ಕೊನೆಗೆ ಜಂಶೀರನೇ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಪರದೆ ಇಟ್ಟುಕೊಂಡು ಮನೆಗೆ ಬಂದ. ಪರದೆ ಜೋಡಿಸಿ, "ನೀವೇ ಆನ್ ಮಾಡಿ ಮಾಷೇ, ನಾನ್ ನೋಡ್ತೀನಿ" ಎಂದ. ಮಾಷರು ಗುಂಡಿ ಒತ್ತಿದರು. ರಾಗ ಬಂತು, ಸ್ವಾಗತ ಬಂತು, ಸವತಿ ಮೂಗಿನಲ್ಲಿ ಪತ್ರಿಕೆಯ ತಲೆಬರಹ ಓದಿದಳು. ಜಂಶೀರ್ ಚಹ ಕುಡಿದು ಪರದೆ ಬಿಚ್ಚಿಕೊಂಡು ಹೋದ. ಅವತ್ತಿಡೀ ಮಾತಾಡಿದ ಪೆಟ್ಟಿಗೆ, ಆರಿಸಿ ಮರುದಿನ ಹಚ್ಚಿದರೆ ಮತ್ತೆ ಮೂಕ.

ಜಂಶೀರ್ ಪಾಪ, ಕರೆದಾಗೆಲ್ಲ ಬಂದ. ಬಂದಾಗೆಲ್ಲ ಅದು ಸರಿಯಿತ್ತು. ಕೊನೆಯ ಸಲ ಹೊರಡುವಾಗ ಅಂಗಳದಲ್ಲಿ ನಿಂತು ನಬೀಸಳ ಹತ್ತಿರ ಮೆಲ್ಲಗೆ ಹೇಳಿದನಂತೆ: "ಯಂತ್ರಕ್ಕೇನೂ ಆಗಿಲ್ಲ ಅಕ್ಕಾ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಮಾಷ್ ಸರಿಯಾಗೇ ಮಾಡ್ತಾರೆ. ಒಬ್ರೇ ಇದ್ದಾಗ ಏನೋ ಮರೆತು ಬೇರೆ ಏನೋ ಒತ್ತುತ್ತಾರೆ ಅನ್ಸುತ್ತೆ. ವಯಸ್ಸು ನೋಡಿ."

ಮೆಲ್ಲಗೆ ಹೇಳಿದರೇನು ಬಂತು? ಮಾಷರ ಕಿವಿಗೆ ಅಂಗಳ ದೂರವೇ?

ಅಲ್ಲಿಂದ ಆ ಮನುಷ್ಯ ಕುಸಿದರು. ಅವರ ಉಮ್ಮ ಕೊನೆಗಾಲದಲ್ಲಿ ಮಗನನ್ನೇ 'ಯಾರು ನೀನು, ಮೀನು ಮಾರೋನಾ?' ಎಂದು ಕೇಳುತ್ತಿದ್ದರು. ಅದೇ ತನಗೂ ಬಂತು ಎಂದುಕೊಂಡರು. ಕಣ್ಣಿದ್ದವರು ಕನ್ನಡಕ ಎಲ್ಲಿಟ್ಟೆ ಎಂದು ಮರೆತರೆ ಹುಡುಕುತ್ತಾರೆ. ಕಣ್ಣಿಲ್ಲದವರಿಗೆ ಮನೆ, ದಾರಿ, ಬಸ್ ನಿಲ್ದಾಣ, ಪಾಠ, ಎಲ್ಲ ಇರುವುದೇ ನೆನಪಿನಲ್ಲಿ. ಅದೇ ಕೈಕೊಟ್ಟರೆ ಉಳಿಯುವುದೇನು? ಗುಮಾನಿ ಹೊಕ್ಕ ಮೇಲೆ ಹೆಜ್ಜೆಯೂ ತಪ್ಪತೊಡಗಿತು. ವರ್ಷಗಟ್ಟಲೆ ಇಳಿದ ಮೆಟ್ಟಿಲಿನಲ್ಲಿ ನಿಂತು ಇದು ಕೊನೆಯದೋ ಅಲ್ಲವೋ ಎಂದು ಕಾಲಿನಿಂದ ತಡಕುತ್ತಿದ್ದರಂತೆ. ಕ್ಲಾಸಿನಲ್ಲಿ ಪಾಠದ ನಡುವೆ ನಿಲ್ಲಿಸಿ, "ಇದನ್ನ ನಾನು ಆಗ್ಲೇ ಹೇಳಿದ್ನಾ ಮಕ್ಕಳೇ?" ಎಂದು ಕೇಳತೊಡಗಿದರು. ಮಕ್ಕಳು ಮಕ್ಕಳೇ. ಒಂದು ದಿನ, ಮಳೆ ಬಿಟ್ಟು ಮೈದಾನದಲ್ಲಿ ಚೆಂಡಿನ ಸದ್ದು ಕೇಳುತ್ತಿದ್ದಾಗ, "ಹೇಳಿದ್ರಿ ಮಾಷೇ! ಪೂರ್ತಿ ಹೇಳಿದ್ರಿ!" ಎಂದು ಇಡೀ ಕ್ಲಾಸು ಕೂಗಿತು. ಮಾಷರು ತಲೆ ಓರೆ ಮಾಡಲಿಲ್ಲ. ನಂಬಿದರು. ಆ ಪಾಠ ಬಿಟ್ಟು ಮುಂದಿನದಕ್ಕೆ ಹೋದರು. ಓಣಂ ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಗೆ ಇಡೀ ಕ್ಲಾಸು ಖಾಲಿ ಹಾಳೆ ಕೊಟ್ಟಿತು.

ಅವತ್ತೇ ಅವರು ಹೆಡ್ಮಿಸ್ಟ್ರೆಸ್ ಕೋಣೆಗೆ ಹೋಗಿ, "ನನ್ನಿಂದ ಮಕ್ಕಳು ಹಾಳಾಗೋದು ಬೇಡ" ಎಂದು ಹತ್ತನೇ ಕ್ಲಾಸನ್ನು ಬಿಟ್ಟುಕೊಟ್ಟು ಬಂದರು. ಪುಟ ಹಾರಿಸಿಬಿಟ್ಟೆ, ಅದೂ ಪರೀಕ್ಷೆಗೆ ಕೂರುವ ಮಕ್ಕಳಿಗೆ, ಎಂಬುದು ಅವರಿಗೆ ಎಷ್ಟು ಚುಚ್ಚಿರಬೇಕೆಂದು ಹೆಡ್ಮಿಸ್ಟ್ರೆಸ್‌ಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ಭಾನುವಾರ ಮಾಷರ ಮನೆಗೆ ಹೋದೆ. ನಬೀಸ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ಟೀಚರೇ, ಸವತಿ ಸತ್ಲು ಅಂತ ನಾನು ನಗ್ಬೇಕಿತ್ತು. ಈಗ ನೋಡಿ, ಇವರೂ ಅವಳ ಜೊತೇಲೇ ಹೋದಂಗಾಗಿದೆ" ಎಂದಳು. ಮಾಷರು ಒಳಗೆ ಕೈಕಟ್ಟಿ ಕೂತಿದ್ದರು. ಪೆಟ್ಟಿಗೆಯ ಮೇಲೆ ಯಾರೋ ಟವೆಲ್ ಹೊದಿಸಿದ್ದರು, ಹೆಣಕ್ಕೆ ಹೊದಿಸಿದ ಹಾಗೆ. ಕಿತ್ತು ಎಸೆದೆ.

"ಆನ್ ಮಾಡಿ ಮಾಷೇ."

"ಬೇಡ ಟೀಚರೇ. ನೀವ್ ಪಕ್ಕದಲ್ಲಿದ್ರೆ ಮಾತಾಡುತ್ತೆ. ನೀವ್ ಹೋದ್ಮೇಲೆ ನಾನು ಹಾಳ್ಮಾಡ್ತೀನಿ."

"ಮಾಡಿ ಅಂದೆ."

ಒತ್ತಿದರು. ಫ್ಯಾನು ಗುಂಯ್ ಎಂದಿತು. ಕರಕರ. ಆಮೇಲೆ ಏನೂ ಇಲ್ಲ. ಚಹ ಆರುವಷ್ಟು ಹೊತ್ತು ಕಾದೆವು. ಏನೂ ಇಲ್ಲ.

"ಏಳಿ ಅಲ್ಲಿಂದ" ಎಂದೆ. ಅವರನ್ನು ಎಬ್ಬಿಸಿ ನಾನೇ ಕೂತೆ. ಲ್ಯಾಬಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವಳು ನಾನು, ಕೀಲಿಮಣೆ ನನಗೇನು ಹೊಸದಲ್ಲ. ಆರಿಸಿ, ಮತ್ತೆ ಹಚ್ಚಿ, ಅವರನ್ನು ಒಂದು ಮಾತೂ ಕೇಳದೆ ನನಗೆ ಗೊತ್ತಿದ್ದಂತೆ ಎಲ್ಲ ಮಾಡಿದೆ. ಪೆಟ್ಟಿಗೆ ಬಾಯಿ ಬಿಡಲಿಲ್ಲ.

"ಮಾಷೇ," ಎಂದೆ, "ನನ್ನ ಬೆರಳಿಗೂ ಮರೆವು ಬಂದಿರ್ಬೇಕು."

ಅವರು ಗೋಡೆ ಹಿಡಿದುಕೊಂಡು ನಿಂತಿದ್ದರು.

ಜಂಶೀರನಿಗೆ ಫೋನ್ ಮಾಡಿದೆ. "ಈಗಲೇ ಬಾ. ಆ ನಿನ್ನ ಟಿವಿ ತಗೊಂಡು ಒಳಗೆ ಕಾಲಿಟ್ಟೀಯ ಮತ್ತೆ, ಹೊರಗೇ ಇಟ್ಟು ಬಾ."

"ಪರದೆ ಇಲ್ದೆ ನಾನ್ ಹೇಗೆ ನೋಡ್ಲಿ ಟೀಚರೇ?"

"ಮಾಷ್ ನೋಡೋ ಹಾಗೆ ನೋಡು."

ಬಂದ. ಪರದೆ ಇಲ್ಲದ ಪೆಟ್ಟಿಗೆಯ ಮುಂದೆ ಕೂತು ಗುಂಡಿ ಒತ್ತಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ. ಸುಮ್ಮನೆ ಕೇಳುತ್ತ ಕೂತವನ ಮುಖ ನಾನು ನೋಡುತ್ತಿದ್ದಂತೆ ಬಿಳಿಚಿತು. ಎದ್ದು ಹೊರಗೆ ಹೋಗಿ ಸ್ಕೂಟರಿನಿಂದ ಪರದೆ ತಂದು ಜೋಡಿಸಿ ಮತ್ತೆ ಹಚ್ಚಿದ. ರಾಗ ಬಂತು, ಸ್ವಾಗತ ಬಂತು. ಆರಿಸಿ, ಪರದೆ ಬಿಚ್ಚಿ, ಮತ್ತೆ ಹಚ್ಚಿದ. ಮೂಕ.

"ಯಾ ಅಲ್ಲಾ," ಎಂದ.

"ಬಿಡಿಸಿ ಹೇಳು," ಎಂದೆ.

"ಹಳೇ ಆವೃತ್ತಿ, ಪರದೆ ಇರ್ಲಿ ಬಿಡ್ಲಿ, ತನ್ನ ಪಾಡಿಗೆ ಡೆಸ್ಕ್‌ಟಾಪ್ ಬಿಡಿಸ್ತಿತ್ತು ಟೀಚರೇ. ಹೊಸದು ಮೊದ್ಲು ಪರದೆ ಹುಡುಕುತ್ತೆ. ಸಿಗದೇ ಇದ್ರೆ ಡೆಸ್ಕ್‌ಟಾಪೇ ಬರಲ್ಲ. ಓದೋ ದನಿ ಇರೋದು ಆ ಡೆಸ್ಕ್‌ಟಾಪಿನ ಒಳಗೆ. ಅದು ಬರ್ದೆ ಇದ್ರೆ ಇದೂ ಇಲ್ಲ." ತಲೆ ತಗ್ಗಿಸಿದ. "ನಾನು ಬರೋವಾಗೆಲ್ಲ ಪರದೆ ತಂದೆ. ಕ್ಯಾಂಪಲ್ಲೂ ಪರದೆ ಇತ್ತು. ಪರದೆ ಇಲ್ದೆ ಕಂಪ್ಯೂಟರ್ ಯಾರ್ ಹಚ್ತಾರೆ ಟೀಚರೇ?"

"ಇವರು ಹಚ್ತಾರೆ," ಎಂದು ಮಾಷರನ್ನು ತೋರಿಸಿದೆ. ನನ್ನ ದನಿ ಏರಿತ್ತು. "ಮೊದಲ ದಿನದಿಂದ ಅವರು ಹೇಳಿದ್ದು ಅಷ್ಟೂ ನಿಜ. ಒಬ್ಬರಿಗೂ ನಂಬೋಕಾಗಲಿಲ್ಲ, ಯಾಕೆ ಅಂದ್ರೆ ನಿಮಗೆಲ್ಲ ಕಣ್ಣಿತ್ತು!"

ಜಂಶೀರ್, ಮಾಷರ ಕಾಲ ಬುಡದಲ್ಲಿ ಕೂತು ಅತ್ತ. ಇದಕ್ಕೆ ಏನಾದರೂ ದಾರಿ ಇರಬೇಕು, ಇದನ್ನು ತಯಾರಿಸಿದ ತಿರುವನಂತಪುರದವರಿಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ಈ ಪರದೆ ಇಲ್ಲೇ ಇರಲಿ ಎಂದ. ಮಾಷರು ಅವನ ತಲೆ ಸವರಿದರು. ಅವರು ನಗುತ್ತಾರೆ, ಕುಣಿಯುತ್ತಾರೆ, ಕನಿಷ್ಠ ನಮ್ಮನ್ನೆಲ್ಲ ಬೈಯುತ್ತಾರೆ ಎಂದು ನಾನು ಕಾದಿದ್ದೆ. ಅವರು ಹೇಳಿದ್ದು ಇಷ್ಟೇ:

"ಓದಿ ಹೇಳಿ ಅಂತ ಕಣ್ಣಿರೋರ ಹಿಂದೆ ಅಲೆದೇ ಅರ್ಧ ಆಯುಸ್ಸು ಹೋಯ್ತು. ಇದೊಂದು ಮಾತ್ರ ನನ್ನ ಹತ್ರ ಕಣ್ಣು ಕೇಳಿರ್ಲಿಲ್ಲ. ಈಗ ಇದೂ ಕೇಳ್ತು."

ಮರುದಿನ ನಾನು ಹೆಡ್ಮಿಸ್ಟ್ರೆಸ್ ಮುಂದೆ ನಿಂತು ಕೂಗಾಡಿದೆ. ಆಕೆ ಕೆಟ್ಟವಳಲ್ಲ. ವೇಳಾಪಟ್ಟಿ ಮತ್ತೆ ಬದಲಿಸುತ್ತೇನೆ, ಮಾಷರು ಇವತ್ತೇ ಹತ್ತನೇ ಕ್ಲಾಸಿಗೆ ಹೋಗಲಿ ಎಂದಳು. ಓಡುತ್ತ ಸ್ಟಾಫ್ ರೂಮಿಗೆ ಬಂದು ಹೇಳಿದೆ. ಕ್ಲಾಸಿನ ಮಕ್ಕಳನ್ನೂ ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದ್ದೆ. "ಅವತ್ತು ಸುಳ್ಳು ಹೇಳಿದ್ವಿ ಮಾಷೇ, ನೀವು ಆ ಪಾಠ ಮಾಡಿರ್ಲಿಲ್ಲ" ಎಂದು ರಿಸ್ವಾನ ಮೂಗು ಸೊರಸೊರ ಎನ್ನಿಸುತ್ತ ಹೇಳಿದ.

"ಹೋಗ್ಲಿ ಬಿಡೋ, ಚೆಂಡಾಟ ಇತ್ತಲ್ವಾ?" ಎಂದರು ಮಾಷರು. ಮಕ್ಕಳು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಬೇಡ ಟೀಚರೇ."

"ಯಾಕೆ ಬೇಡ? ನಿಮ್ಮ ತಲೆ ನೆಟ್ಟಗಿತ್ತು ಅಂತ ಗೊತ್ತಾಯ್ತಲ್ಲ!"

"ನೆಟ್ಟಗಿತ್ತು. ಯಾರೋ ಮರೆವು ಅಂದ್ರು, ನಾನು ಹೌದು ಅಂದೆ. ಮಕ್ಕಳು ಹೇಳಿದ್ರಿ ಅಂದ್ರು, ಅದಕ್ಕೂ ಹೌದು ಅಂದೆ. ಮಾಡದೇ ಇರೋ ಪಾಠ ಮಾಡಿದ ಹಾಗೆ ನೆನಪೂ ಬಂತು ಟೀಚರೇ, ಆಣೆಗೂ. ಇನ್ನು ಈ ತಲೇನ ನಾನ್ ಯಾವ ಧೈರ್ಯದ ಮೇಲೆ ಕ್ಲಾಸಿಗೆ ಒಯ್ಯಲಿ?"

ಎಷ್ಟು ಬೈದೆ, ಎಷ್ಟು ಬೇಡಿಕೊಂಡೆ. ಹೋಗಲಿಲ್ಲ. ಮೇ ತಿಂಗಳವರೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತರು. ಬಸ್ ನಿಲ್ದಾಣಕ್ಕೆ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದವರು ಸಂಜೆ ನನ್ನ ಮೊಣಕೈಗಾಗಿ ಕಾಯತೊಡಗಿದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಭಾಷಣ ಮಾಡಿದರು. ನಾನು ಆ ಸಭೆಯಲ್ಲಿ ಮಾತಾಡಲಿಲ್ಲ. ಮಾತಾಡಿದ್ದರೆ ಯಾರಿಗೂ ಹಿಡಿಸುತ್ತಿರಲಿಲ್ಲ.

ತಿರುವನಂತಪುರದಿಂದ ಏನಾದರೂ ಉತ್ತರ ಬಂದದ್ದು ನನಗಂತೂ ತಿಳಿಯದು. ಆ ಪರದೆ ಈಗಲೂ ಮಾಷರ ಮೇಜಿನ ಮೇಲಿದೆ, ನೋಡುವವರಿಲ್ಲದ ಕೋಣೆಯಲ್ಲಿ ನೀಲಿ ಬೆಳಕು ಚೆಲ್ಲುತ್ತ. ಮೊನ್ನೆ ಬೆಳಗ್ಗೆ ಹೋಗಿದ್ದೆ. ಮಾಷರಿಗೆ ನನ್ನ ಹೆಜ್ಜೆ ಕೇಳಿಸಲಿಲ್ಲವೋ ಏನೋ, ನಾನು ಬಾಗಿಲಲ್ಲೇ ನಿಂತೆ. ಅವರು ಗುಂಡಿ ಒತ್ತಿ, ಅಂಗೈಯನ್ನು ಪರದೆಯ ಮೇಲಿಟ್ಟು ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಕರೆಂಟಿನ ಪಿನ್ನು ಸಡಿಲಾಗಿ ಪರದೆ ಕಪ್ಪಗಿತ್ತು, ಪೆಟ್ಟಿಗೆ ಮೂಕವಾಗಿತ್ತು.

"ನಬೀಸಾ, ಉರೀತಾ ಇದೆಯೇನೇ?" ಎಂದು ಕೂಗಿದರು.

"ಉರೀತಿದೆ, ಉರೀತಿದೆ," ಎಂದಳು ನಬೀಸ, ಅಡುಗೆಮನೆಯಿಂದಲೇ, ಹಿಟ್ಟಿನ ಕೈ ತೊಳೆಯದೆ.

ನಾನು ಅವರ ತಲೆಯನ್ನೇ ನೋಡುತ್ತಿದ್ದೆ, ಓರೆಯಾಗುತ್ತದೋ ಎಂದು. ಆಗಲಿಲ್ಲ. "ಹಾಗಾದ್ರೆ ನಾನೇ ಏನೋ ತಪ್ಪು ಒತ್ತಿರ್ಬೇಕು" ಎಂದು ತಮಗೆ ತಾವೇ ಹೇಳಿಕೊಂಡು, ಮಾಷರು ಕೈ ಹಿಂದಕ್ಕೆ ತೆಗೆದುಕೊಂಡರು.